ಮೂರು ವರ್ಷದ ನಂತರದ ಹಾಲು ಇಂದಿನ ಕರುವಿನ ಲಿವರ್‌ನಲ್ಲಿದೆ



ಸರ್ಜಾಪುರ, ದೊಮ್ಮಸಂದ್ರ, ಬಿದರಗುಪ್ಪೆ, ಹಂದೇನಹಳ್ಳಿ ಕಡೆಯ ಕೊಟ್ಟಿಗೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ತಾಯಿ ಹೊತ್ತಿಗೆ ಎಂಟು ಲೀಟರ್ ಕೊಡ್ತಿತ್ತು, ಒಳ್ಳೆ ಹೋರಿಯ ವೀರ್ಯವನ್ನೇ ಹಾಕ್ಸಿದ್ದೆ, ಆದ್ರೂ ಮಗಳು ನಾಲ್ಕು ಲೀಟರ್ ದಾಟ್ತಿಲ್ಲ ಸಾರ್." ಆಗ ನಾವು ವೀರ್ಯದ ಕಡ್ಡಿಯನ್ನು ಬೈಯುತ್ತೇವೆ, ಗರ್ಭಧಾರಣೆ ಮಾಡಿದವರನ್ನು ಬೈಯುತ್ತೇವೆ, ಕೊನೆಗೆ ಹಣೆಬರಹ ಎನ್ನುತ್ತೇವೆ. ಆ ಕಡಸು ಕರುವಾಗಿದ್ದಾಗ ದಿನಕ್ಕೆ ಎಷ್ಟು ಹಾಲು ಕುಡಿದಿತ್ತು, ಅದು ಹೊಟ್ಟೆಯಲ್ಲಿದ್ದಾಗ ತಾಯಿ ಏನು ತಿಂದಿತ್ತು ಎಂದು ಕೇಳುವವರು ಕಡಿಮೆ.

ಉತ್ತರ ಬಹಳಷ್ಟು ಸಲ ಅಲ್ಲೇ ಇರುತ್ತದೆ. ಕರು ತಾಯಿಯ ಹೊಟ್ಟೆಯಲ್ಲಿರುವ ಕೊನೆಯ ಮೂರು ತಿಂಗಳು ಮತ್ತು ಹುಟ್ಟಿದ ಮೊದಲ ಎರಡು ತಿಂಗಳು, ಈ ಐದು ತಿಂಗಳಲ್ಲಿ ಅದಕ್ಕೆ ಸಿಗುವ ಆಹಾರ ಅದರ ಲಿವರ್ ಹೇಗೆ ಬೆಳೆಯಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಲಿವರ್ ಹೇಗೋ ಮುಂದಿನ ಹಾಲು ಹಾಗೆ. ಇದು ಯಾಕೆ, ಇದಕ್ಕಾಗಿ ನಾವು ಏನು ಮಾಡಬಹುದು ಎಂದು ಈ ಲೇಖನದಲ್ಲಿ ನೋಡೋಣ.

ಲಿವರ್‌ಗೂ ಹಾಲಿಗೂ ಏನು ಸಂಬಂಧ?

ಹಾಲು ಬರುವುದು ಕೆಚ್ಚಲಿನಿಂದ. ಆದರೆ ಕೆಚ್ಚಲಿಗೆ ಕಚ್ಚಾ ಮಾಲು ಕಳಿಸುವುದು ಲಿವರ್. ಹಾಲಿನಲ್ಲಿರುವ ಸಿಹಿ ಅಂಶವನ್ನು ಲ್ಯಾಕ್ಟೋಸ್ ಎನ್ನುತ್ತೇವೆ. ಅದನ್ನು ತಯಾರಿಸಲು ಕೆಚ್ಚಲಿಗೆ ಗ್ಲೂಕೋಸ್ ಬೇಕು. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಖರ್ಚಾಗುತ್ತದೆ. ದಿನಕ್ಕೆ 15 ಲೀಟರ್ ಕರೆಯುವ ಹಸುವಿಗೆ ಹಾಲಿಗೆಂದೇ ಒಂದು ಕೆಜಿಗೂ ಹೆಚ್ಚು ಗ್ಲೂಕೋಸ್ ಬೇಕು ಎಂದಾಯಿತು.

ನಾವು ಅನ್ನ, ಮುದ್ದೆ ತಿಂದರೆ ಅದರ ಪಿಷ್ಟ ಕರಗಿ ಗ್ಲೂಕೋಸ್ ಆಗಿ ನೇರ ರಕ್ತಕ್ಕೆ ಸೇರುತ್ತದೆ. ಹಸುವಿನಲ್ಲಿ ಹಾಗಾಗುವುದಿಲ್ಲ. ಅದು ತಿಂದ ಮೇವು, ಹಿಂಡಿ, ಬೂಸಾ ಎಲ್ಲವೂ ಮೊದಲು ದೊಡ್ಡ ಹೊಟ್ಟೆಯಲ್ಲಿ ಹುಳಿತು ಬೇರೆ ಬೇರೆ ಆಮ್ಲಗಳಾಗುತ್ತವೆ. ಅವುಗಳಲ್ಲಿ ಪ್ರೊಪಿಯೋನಿಕ್ ಎಂಬ ಆಮ್ಲ ಲಿವರ್‌ಗೆ ಹೋಗುತ್ತದೆ. ಲಿವರ್ ಅದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಹಸುವಿನ ದೇಹಕ್ಕೆ ಬೇಕಾದ ಗ್ಲೂಕೋಸ್‌ನಲ್ಲಿ ಬಹುಪಾಲು ತಯಾರಾಗುವುದು ಹೀಗೆಯೇ. ಅಂದರೆ ಎಷ್ಟೇ ಒಳ್ಳೆಯ ಫೀಡು ಹಾಕಿದರೂ ಲಿವರ್ ಎಷ್ಟು ಗ್ಲೂಕೋಸ್ ಮಾಡಬಲ್ಲದೋ ಅಷ್ಟಕ್ಕೇ ಹಾಲು ನಿಲ್ಲುತ್ತದೆ.

ಕರು ಹಾಕಿದ ಮೊದಲ ತಿಂಗಳಲ್ಲಿ ಹಸು ತಿನ್ನುವುದಕ್ಕಿಂತ ಹೆಚ್ಚು ಹಾಲು ಕೊಡುತ್ತದೆ. ಆಗ ಮೈಯ ಕೊಬ್ಬು ಕರಗಿ ಲಿವರ್‌ಗೆ ಬರುತ್ತದೆ. ಗಟ್ಟಿ ಲಿವರ್ ಅದನ್ನು ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಸೋತ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಹಸು ಹಿಂಡಿ ಬಿಡುತ್ತದೆ, ಬಾಯಿಯಿಂದ ಸಿಹಿ ವಾಸನೆ ಬರುತ್ತದೆ, ಹಾಲು ದಿಢೀರ್ ಇಳಿಯುತ್ತದೆ. ಇದೇ ಕೀಟೋಸಿಸ್. ಮೇವಿನಲ್ಲಿರುವ ವಿಷವನ್ನು ಕಳೆಯುವುದು, ಪಿತ್ತರಸ ಮಾಡುವುದು, ವಿಟಮಿನ್ ಮತ್ತು ತಾಮ್ರವನ್ನು ಕೂಡಿಡುವುದು, ಇವೂ ಲಿವರ್‌ನದೇ ಕೆಲಸ.

ಹೊಟ್ಟೆಯೊಳಗೇ ಶುರುವಾಗುವ ಕೆಲಸ

ಆಗ ತಾನೇ ಹುಟ್ಟಿದ ಕರುವಿನ ಲಿವರ್ ಒಂದು ಕೆಜಿಯೂ ಇರುವುದಿಲ್ಲ. ದೊಡ್ಡ ಹಸುವಿನದು ಐದಾರು ಕೆಜಿ ತೂಗುತ್ತದೆ. ಆ ಚಿಕ್ಕ ಲಿವರ್ ಹೊಟ್ಟೆಯೊಳಗೆ ಇದ್ದಾಗ ಸುಮ್ಮನಿರುವುದಿಲ್ಲ. ಮೊದಲು ಅದು ಕರುವಿಗೆ ರಕ್ತಕಣಗಳನ್ನು ತಯಾರಿಸುತ್ತದೆ. ಜೊತೆಗೆ ಅದರ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹೆರಿಗೆ ಹತ್ತಿರ ಬಂದಂತೆ ರಕ್ತ ಮಾಡುವ ಕೆಲಸವನ್ನು ಮೂಳೆಯ ಮಜ್ಜೆಗೆ ಬಿಟ್ಟುಕೊಟ್ಟು, ಲಿವರ್ ಸಕ್ಕರೆಯನ್ನು ಕೂಡಿಡುವ, ಸಕ್ಕರೆ ತಯಾರಿಸುವ ಕೆಲಸವನ್ನು ಕಲಿಯುತ್ತದೆ. ಹುಟ್ಟಿದ ಮೇಲೂ ಕೆಲವು ತಿಂಗಳು ಜೀವಕೋಶಗಳು ಜೋರಾಗಿ ಹೆಚ್ಚುತ್ತವೆ. ಆಮೇಲೆ ಆ ವೇಗ ಇಳಿಯುತ್ತದೆ. ಇದ್ದ ಜೀವಕೋಶಗಳೇ ದಪ್ಪಗಾಗುತ್ತಾ ಹೋಗುತ್ತವೆ.

ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾಯ ಹಾಕುವಾಗ ಕಂಬಿ ಕಡಿಮೆ ಹಾಕಿದರೆ, ಮುಂದೆ ಎಷ್ಟು ಸಿಮೆಂಟ್ ಸುರಿದರೂ ಅದರ ಮೇಲೆ ಮೂರು ಅಂತಸ್ತು ಏಳುವುದಿಲ್ಲ.

ಗಬ್ಬದ ಒಟ್ಟು ಅವಧಿ ಸುಮಾರು 280 ದಿನ. ಕರುವಿನ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ನಮ್ಮ ಭಾಗದಲ್ಲಿ ಹಸುವನ್ನು ಬತ್ತಿಸುವುದೂ ಈ ಕಾಲದಲ್ಲೇ. ಹಾಲು ನಿಂತ ಕೂಡಲೇ ಫೀಡಿನ ಬಕೆಟ್ಟೂ ನಿಲ್ಲುತ್ತದೆ. "ಹಾಲೇ ಇಲ್ಲ, ಹಿಂಡಿ ಯಾಕೆ" ಎಂದು ಬರಿ ರಾಗಿ ಹುಲ್ಲಿನ ಮೇಲೆ ಬಿಡುತ್ತೇವೆ. ಕರುವಿಗೆ ಅತಿ ಹೆಚ್ಚು ಬೇಕಾದ ದಿನಗಳಲ್ಲೇ ತಾಯಿಗೆ ಅತಿ ಕಡಿಮೆ ಸಿಗುತ್ತದೆ.

ಇನ್ನೊಂದು ವಿಷಯ. ಹಾಲಿನಲ್ಲಿ ತಾಮ್ರ ಮತ್ತು ಕಬ್ಬಿಣ ಬಹಳ ಕಡಿಮೆ. ಹಾಗಾಗಿ ಕರು ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಇವನ್ನು ಪಡೆದು ತನ್ನ ಲಿವರ್‌ನಲ್ಲಿ ಗಂಟು ಕಟ್ಟಿಕೊಂಡು ಬರುತ್ತದೆ. ಮೊದಲ ವಾರಗಳು ಆ ಗಂಟಿನಿಂದಲೇ ಸಾಗುತ್ತವೆ. ತಾಯಿಗೇ ಖನಿಜ ಕೊರತೆ ಇದ್ದರೆ ಕರುವಿನ ಗಂಟು ಬರಿದು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ಇರುವ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು, ಆಯಾ ಪ್ರದೇಶದ ಮಣ್ಣು ಮತ್ತು ಮೇವಿನಲ್ಲಿ ಯಾವ ಖನಿಜ ಕಡಿಮೆ ಎಂದು ನೋಡಿ, ಅದಕ್ಕೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಖನಿಜ ಮಿಶ್ರಣ ಕರೆಯುವ ಹಸುವಿಗೆ ಮಾತ್ರ ಎಂದುಕೊಳ್ಳಬೇಡಿ. ಗಬ್ಬದ ಹಸುವಿಗೂ ಅದು ಅಷ್ಟೇ ಮುಖ್ಯ.

ಕುರಿಗಳು ಕಲಿಸಿದ ಪಾಠ

ಆಹಾರ ಲಿವರ್‌ನ ಗಾತ್ರವನ್ನಷ್ಟೇ ಬದಲಿಸುತ್ತದೆಯೇ? ಇಲ್ಲ, ಅದರ ಸ್ವಭಾವವನ್ನೂ ಬದಲಿಸಬಲ್ಲದು ಎಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕುರಿಗಳಲ್ಲಿ ತೋರಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೆಣ್ಣು ಕುರಿಗಳಿಗೆ ಗಬ್ಬ ಕಟ್ಟುವ ಮೊದಲಿನ 8 ವಾರ ಮತ್ತು ಕಟ್ಟಿದ ಮೇಲಿನ 6 ದಿನ ಮಾತ್ರ ವಿಟಮಿನ್ ಬಿ-12, ಫೋಲಿಕ್ ಆಸಿಡ್, ಮೆಥಿಯೋನಿನ್ ಕಡಿಮೆಯಾಗುವಂತೆ ಮಾಡಿದರು. ಆಮೇಲೆ ಆ ಭ್ರೂಣಗಳನ್ನು ಚೆನ್ನಾಗಿ ತಿಂದ ಬೇರೆ ಕುರಿಗಳ ಗರ್ಭದಲ್ಲಿ ಬೆಳೆಸಿದರು. ಹುಟ್ಟಿದ ಮರಿಗಳು ತೂಕದಲ್ಲಿ ಬೇರೆ ಮರಿಗಳಂತೆಯೇ ಇದ್ದವು. ಆದರೆ ದೊಡ್ಡವಾದ ಮೇಲೆ ಅವು ಹೆಚ್ಚು ಕೊಬ್ಬಿದವು. ಇನ್ಸುಲಿನ್ ಮಾತನ್ನು ಅವುಗಳ ಮೈ ಸರಿಯಾಗಿ ಕೇಳಲಿಲ್ಲ, ರಕ್ತದೊತ್ತಡವೂ ಏರಿತು. ಗಂಡು ಮರಿಗಳಲ್ಲಿ ಇದು ಹೆಚ್ಚಾಗಿತ್ತು. ಭ್ರೂಣದ ಲಿವರ್ ತೆಗೆದು ನೋಡಿದಾಗ, ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವ ರಾಸಾಯನಿಕ ಗುರುತುಗಳು ಹಲವು ಕಡೆ ಬದಲಾಗಿದ್ದವು.

ಇದನ್ನು ನಾವು ಹೀಗೆ ಅರ್ಥ ಮಾಡಿಕೊಳ್ಳಬಹುದು. ವೀರ್ಯದ ಕಡ್ಡಿಯಿಂದ ಬರುವುದು ಜೀನು, ಅಂದರೆ ಮನೆಯ ವೈರಿಂಗ್. ಯಾವ ಸ್ವಿಚ್ ಹಾಕಿರಬೇಕು, ಯಾವುದು ಆರಿರಬೇಕು ಎಂದು ಹೇಳುವುದರಲ್ಲಿ ಆಹಾರಕ್ಕೂ ಪಾಲಿದೆ. ಲಿವರ್ ಪೆಟ್ಟಾದರೆ ಮತ್ತೆ ಬೆಳೆಯಬಲ್ಲ ಅಂಗ, ನಿಜ. ಆದರೆ ಎಳೆತನದಲ್ಲಿ ಬಿದ್ದ ಇಂಥ ಗುರುತುಗಳಲ್ಲಿ ಹಲವು ಬಹುಕಾಲ ಹಾಗೇ ಉಳಿಯುತ್ತವೆ.

ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಕೊಡುವುದು ನಿಮಗೆ ಗೊತ್ತು. ಹಸುವಿನಲ್ಲಿ ಬಿ-12 ವಿಟಮಿನ್ ಅನ್ನು ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಆದರೆ ಅವಕ್ಕೆ ಕೋಬಾಲ್ಟ್ ಎಂಬ ಖನಿಜ ಬೇಕು. ಖನಿಜ ಮಿಶ್ರಣದಿಂದ ಅದೂ ಸಿಗುತ್ತದೆ. ಗಬ್ಬ ಕಟ್ಟಿಸುವ ಎರಡು ತಿಂಗಳ ಮೊದಲೇ ಖನಿಜ ಮಿಶ್ರಣ ಶುರು ಮಾಡಿ ಎಂದು ನಾವು ಹೇಳುವುದು, ಹಸು ಬೇಗ ಗಬ್ಬ ಕಟ್ಟಲಿ ಎಂಬುದಕ್ಕಷ್ಟೇ ಅಲ್ಲ, ಹುಟ್ಟುವ ಕರುವಿಗೂ ಸೇರಿಸಿ.

ಗಿಣ್ಣು ಹಾಲು: ಮೊದಲ ಎರಡು ಗಂಟೆ

ಕರು ಹುಟ್ಟುವಾಗ ಲಿವರ್‌ನಲ್ಲಿ ಸ್ವಲ್ಪ ಸಕ್ಕರೆ ಕೂಡಿಟ್ಟುಕೊಂಡಿರುತ್ತದೆ. ಹೊಕ್ಕುಳು ಬಳ್ಳಿ ಹರಿದ ಕ್ಷಣದಿಂದ ಆ ದಾಸ್ತಾನು ಕರಗತೊಡಗುತ್ತದೆ. ನಡುಗುವ ಚಳಿ ಇದ್ದರೆ ಇನ್ನೂ ಬೇಗ. ಅದನ್ನು ತುಂಬುವುದು ಗಿಣ್ಣು ಹಾಲು.

ಗಿಣ್ಣಿನಲ್ಲಿ ರೋಗ ತಡೆಯುವ ಶಕ್ತಿ ಇದೆ ಎಂದು ನಿಮಗೆಲ್ಲ ಗೊತ್ತು. ಹಸುವಿನ ಮಾಸಿನ ಮೂಲಕ ಆ ಶಕ್ತಿ ಕರುವಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಕರುವಿನ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದು ಮೊದಲ 24 ಗಂಟೆ ಮಾತ್ರ, ಅದರಲ್ಲೂ ಗಂಟೆ ಕಳೆದಂತೆ ಬಾಗಿಲು ಮುಚ್ಚುತ್ತಾ ಬರುತ್ತದೆ. ಇದಲ್ಲದೆ ಗಿಣ್ಣಿನಲ್ಲಿ ಇನ್ಸುಲಿನ್ ಮತ್ತು ಬೆಳವಣಿಗೆಯ ಹಾರ್ಮೋನುಗಳು ಮಾಮೂಲಿ ಹಾಲಿಗಿಂತ ಬಹಳ ಹೆಚ್ಚು. ಜರ್ಮನಿಯ ಸಂಶೋಧಕರು ಕೆಲವು ಕರುಗಳಿಗೆ ಗಿಣ್ಣು, ಇನ್ನು ಕೆಲವಕ್ಕೆ ಅಷ್ಟೇ ಪೌಷ್ಟಿಕಾಂಶವಿದ್ದರೂ ಈ ಹಾರ್ಮೋನುಗಳಿಲ್ಲದ ಹಾಲು ಕುಡಿಸಿ ನೋಡಿದರು. ಗಿಣ್ಣು ಕುಡಿದ ಕರುಗಳ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಹೆಚ್ಚಿತ್ತು, ರಕ್ತದಲ್ಲೂ ಗ್ಲೂಕೋಸ್ ಚೆನ್ನಾಗಿತ್ತು. ಕರುವಿನ ಕರುಳು ಮತ್ತು ಲಿವರ್‌ಗೆ "ಇನ್ನು ನಿಮ್ಮ ಕೆಲಸ ಶುರು ಮಾಡಿ" ಎಂದು ತಾಯಿ ಕಳಿಸುವ ಸಂದೇಶ ಅದು.

ಆದರೆ ನಮ್ಮಲ್ಲಿ ಎರಡು ಅಭ್ಯಾಸಗಳು ಅಡ್ಡ ಬರುತ್ತವೆ. ಒಂದು, ಮಾಸು ಬೀಳುವವರೆಗೂ ಕರುವಿಗೆ ಕುಡಿಸಬಾರದು ಎಂಬ ನಂಬಿಕೆ. ಮಾಸು ಬೀಳಲು ಎಂಟು ಹತ್ತು ಗಂಟೆಯೂ ಆಗಬಹುದು. ಅಷ್ಟು ಹೊತ್ತಿಗೆ ಒಳ್ಳೆಯ ಕಾಲ ಕಳೆದಿರುತ್ತದೆ. ಕರು ಮೊಲೆಗೆ ಬಾಯಿ ಹಾಕಿದರೆ ಮಾಸು ಬೀಳಲೂ ಅನುಕೂಲವೇ. ಎರಡು, ಗಿಣ್ಣಿಗೆ ಬಂದಿರುವ ಬೇಡಿಕೆ. ಸುತ್ತ ಅಪಾರ್ಟ್‌ಮೆಂಟ್‌ಗಳಾದ ಮೇಲೆ ಗಿಣ್ಣು ಹಾಲು ಕೇಳಿಕೊಂಡು ಮನೆ ಬಾಗಿಲಿಗೇ ಬರುತ್ತಾರೆ, ಒಳ್ಳೆಯ ಬೆಲೆಯನ್ನೂ ಕೊಡುತ್ತಾರೆ. ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಮೊದಲ ಹೊತ್ತಿನ ಗಿಣ್ಣು ಪೂರ್ತಿ ಕರುವಿನದು. 30 ಕೆಜಿ ತೂಗುವ ಕರುವಿಗೆ ಎರಡು ಗಂಟೆಯೊಳಗೆ ಮೂರು ಲೀಟರ್ ಹೋಗಬೇಕು. ಒಂದೇ ಸಲಕ್ಕೆ ಕುಡಿಯದಿದ್ದರೆ ಸ್ವಲ್ಪ ಬಿಟ್ಟು ಮತ್ತೆ ಕುಡಿಸಿ. ಹನ್ನೆರಡು ಗಂಟೆಯೊಳಗೆ ಮತ್ತೆ ಎರಡು ಲೀಟರ್. ಕರುವಿನ ಹೊಟ್ಟೆ ತುಂಬಿ ಮಿಕ್ಕಿದ್ದು ನಿಮ್ಮದು, ನೆಂಟರದು, ನೆರೆಯವರದು.

ಅರವತ್ತು ದಿನದ ಲೆಕ್ಕ

ಈಗ ದುಡ್ಡಿನ ಮಾತಿಗೆ ಬರೋಣ. ಕರುವಿಗೆ ಬಿಟ್ಟ ಪ್ರತಿ ಲೀಟರ್ ಡೈರಿಗೆ ಹಾಕದ ಲೀಟರ್. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲೇ ಮಕ್ಕಳ ಫೀಸು, ಸಂಘದ ಕಂತು, ಮನೆ ದಿನಸಿ ಎಲ್ಲ ನಡೆಯಬೇಕು. ಹಾಗಾಗಿ ಕರುವನ್ನು ಸೊರೆ ಬಿಡುವಷ್ಟು ಹೊತ್ತು ಬಿಟ್ಟು ಎಳೆದು ಕಟ್ಟುತ್ತೇವೆ. ಅದು ಕುಡಿದದ್ದು ಒಂದೂವರೆ ಲೀಟರೋ, ಎರಡು ಲೀಟರೋ, ಅಳೆದವರಿಲ್ಲ.

30 ಕೆಜಿ ಕರುವಿಗೆ ಬರೀ ಜೀವ ಹಿಡಿದುಕೊಳ್ಳಲು, ಮೈ ಬೆಚ್ಚಗಿಟ್ಟುಕೊಳ್ಳಲು ದಿನಕ್ಕೆ ಸುಮಾರು ಎರಡು ಲೀಟರ್ ಹಾಲು ಖರ್ಚಾಗುತ್ತದೆ. ಅದಕ್ಕಿಂತ ಮೇಲೆ ಸಿಕ್ಕಿದ್ದು ಮಾತ್ರ ಬೆಳವಣಿಗೆಗೆ. ಎರಡೇ ಲೀಟರ್ ಕುಡಿದ ಕರು ಸಾಯುವುದಿಲ್ಲ, ಹಾಗೆಂದು ಬೆಳೆಯುವುದೂ ಇಲ್ಲ. ಅದರ ಲಿವರ್‌ನ ಜೀವಕೋಶಗಳಿಗೂ ಇದೇ ಅನ್ವಯ. ಹೆಚ್ಚು ಹಾಲು ಕುಡಿದ ಕರುಗಳ ಲಿವರ್ ದೊಡ್ಡದಾಗಿ ಬೆಳೆಯುವುದನ್ನೂ, ಕೆಚ್ಚಲಿನಲ್ಲಿ ಹಾಲು ಮಾಡುವ ಭಾಗ ಹಲವು ಪಟ್ಟು ಹೆಚ್ಚುವುದನ್ನೂ ಅಮೆರಿಕದ ಸಂಶೋಧಕರು ಕಂಡಿದ್ದಾರೆ.

ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಲೆಕ್ಕ ನಮಗೆ ಉಪಯೋಗವಾಗುತ್ತದೆ. ಹಾಲು ಬಿಡಿಸುವ ಮೊದಲು ಕರುವಿನ ದಿನದ ತೂಕ ಏರಿಕೆ ಒಂದು ಕೆಜಿ ಹೆಚ್ಚಾದರೆ, ಅದರ ಮೊದಲ ಸೂಲಿನಲ್ಲಿ ಸರಾಸರಿ 850 ಕೆಜಿ ಹಾಲು ಹೆಚ್ಚಾಯಿತು ಎಂದು ಅವರು ಕಂಡರು. ಇದನ್ನು ನಮ್ಮ ಕೊಟ್ಟಿಗೆಗೆ ತರೋಣ.

ಎರಡೂವರೆ ಲೀಟರ್ ಕುಡಿದು ದಿನಕ್ಕೆ 200 ಗ್ರಾಂ ಏರುವ ಕರು 60 ದಿನದಲ್ಲಿ 30 ಕೆಜಿಯಿಂದ 42 ಕೆಜಿಗೆ ಬರುತ್ತದೆ. ನಾಲ್ಕೂವರೆ ಲೀಟರ್ ಕುಡಿದು ದಿನಕ್ಕೆ 500 ಗ್ರಾಂ ಏರಿದರೆ 60 ಕೆಜಿ, ಅಂದರೆ ಹುಟ್ಟಿದ ತೂಕದ ಎರಡರಷ್ಟು. ವ್ಯತ್ಯಾಸ ದಿನಕ್ಕೆ 300 ಗ್ರಾಂ. ಕಾರ್ನೆಲ್ ಲೆಕ್ಕದ ಪ್ರಕಾರ ಮೊದಲ ಸೂಲಿಗೆ ಸುಮಾರು 255 ಕೆಜಿ ಹಾಲು ಹೆಚ್ಚು. ಇದಕ್ಕೆ ನೀವು ಬಿಟ್ಟುಕೊಟ್ಟದ್ದು ದಿನಕ್ಕೆ ಎರಡು ಲೀಟರಿನಂತೆ 120 ಲೀಟರ್. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೆ ಹೋದದ್ದು 4,200 ರೂಪಾಯಿ, ಬರುವುದು ಸುಮಾರು 8,900 ರೂಪಾಯಿ.

ಅಲ್ಲಿಯದು ಅಪ್ಪಟ ಎಚ್‌ಎಫ್ ಹಸುಗಳು, ದೊಡ್ಡ ಹಿಂಡು, ಕರು ದೊಡ್ಡದಾಗುವವರೆಗೂ ಒಳ್ಳೆಯ ಆಹಾರ. ನಮ್ಮ ಸೀಮೆ ಹಸುವಿಗೆ ಅದೇ ಅಂಕಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ದಾರಿ ಯಾವ ಕಡೆಗೆ ಎಂಬುದನ್ನು ನೋಡಿ. ಇದರ ಜೊತೆಗೆ ಚೆನ್ನಾಗಿ ಬೆಳೆದ ಕಡಸು ಬೇಗ ಬೆದೆಗೆ ಬಂದು ಎರಡೂವರೆ ವರ್ಷದ ಸುಮಾರಿಗೆ ಕರು ಹಾಕುತ್ತದೆ. ಸೊರಗಿದ್ದು ಮೂರು ವರ್ಷ ದಾಟಿಸುತ್ತದೆ. ಆ ಆರು ತಿಂಗಳು ಹಾಲಿಲ್ಲದೆ ಮೇವು ಹಾಕುವವರು ನೀವೇ. ಸಂತೆಯಲ್ಲಿ ಒಂದು ಒಳ್ಳೆಯ ಹಸುವಿಗೆ ಈಗ ಎಷ್ಟು ಕೇಳುತ್ತಾರೆ ಎಂದೂ ನಿಮಗೆ ಗೊತ್ತಿದೆ.

ಹಾಲಿನಿಂದ ಮೇವಿಗೆ ದಾಟುವಾಗ

ಹಾಲು ಕುಡಿಯುವ ಕರುವಿಗೆ ಸಕ್ಕರೆ ಹಾಲಿನಿಂದಲೇ ಸಿಗುತ್ತದೆ. ಮೇವಿಗೆ ದಾಟಿದ ಮೇಲೆ ಲಿವರ್ ತಾನೇ ಸಕ್ಕರೆ ತಯಾರಿಸಬೇಕು. ಈ ಬದಲಾವಣೆಗೆ ಕೆಲವು ವಾರ ಬೇಕು. ಒಂದೇ ದಿನ ಹಾಲು ನಿಲ್ಲಿಸಿದರೆ ಲಿವರ್ ತಯಾರಿರುವುದಿಲ್ಲ. ಕರು ಸೊರಗುತ್ತದೆ, ಕೂದಲು ಒರಟಾಗುತ್ತದೆ, ಹೊಟ್ಟೆ ಮಾತ್ರ ಮಡಕೆಯಂತಾಗುತ್ತದೆ.

ಎರಡನೇ ವಾರದಿಂದ ಕರುವಿನ ಆಹಾರವನ್ನು ಒಂದು ಹಿಡಿಯಷ್ಟು ಮುಂದಿಡಿ, ಜೊತೆಗೆ ಶುದ್ಧ ನೀರು. ದೊಡ್ಡ ಹೊಟ್ಟೆಯ ಒಳಗೋಡೆ ಬೆಳೆಯುವುದು ಈ ಕಾಳಿನ ಆಹಾರದಿಂದ. ಬರೀ ಹುಲ್ಲಿನಿಂದ ಹೊಟ್ಟೆ ಹಿಗ್ಗುತ್ತದೆ, ಒಳಗೋಡೆ ಬಲಿಯುವುದಿಲ್ಲ. ಮೂರು ದಿನ ಸತತವಾಗಿ ದಿನಕ್ಕೆ ಸುಮಾರು ಒಂದು ಕೆಜಿ ತಿಂದರೆ ಹಾಲು ಬಿಡಿಸಬಹುದು. ಅದನ್ನೂ ಹತ್ತು ಹದಿನೈದು ದಿನದಲ್ಲಿ ಇಳಿಸುತ್ತಾ ಬನ್ನಿ. ದೊಡ್ಡ ಹಸುವಿನ ಫೀಡನ್ನು ಎಳೆ ಕರುವಿಗೆ ಹಾಕಬೇಡಿ. ಅದರಲ್ಲಿ ಯೂರಿಯಾ ಇರಬಹುದು. ಅದನ್ನು ಸಂಭಾಳಿಸುವ ಶಕ್ತಿ ಆರು ತಿಂಗಳೊಳಗಿನ ಕರುವಿಗಿಲ್ಲ.

ಬೂಷ್ಟು ಹಿಡಿದದ್ದು ಎಳೆ ಲಿವರ್‌ಗೆ ವಿಷ

ನಮ್ಮ ಹೊಲಗಳು ಲೇಔಟ್ ಆದವು, ಗೋಮಾಳಗಳು ಮಾಯವಾದವು. ಮೇವಿನ ಕೊರತೆ ನೀಗಲು ಬೇಕರಿಯ ಹಳೇ ಬ್ರೆಡ್ಡು, ಹೋಟೆಲಿನ ಅನ್ನ, ಮಳೆಗೆ ನೆಂದ ಹಿಂಡಿ, ಏನು ಸಿಕ್ಕರೆ ಅದು ಕೊಟ್ಟಿಗೆಗೆ ಬರುತ್ತಿದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ, ಬ್ರೆಡ್ಡಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ನೇರ ಹೊಡೆಯುವುದು ಲಿವರ್‌ಗೆ. ದೊಡ್ಡ ಹಸುವಿಗಿಂತ ಕರುವಿಗೆ ಇದರ ಪೆಟ್ಟು ಹೆಚ್ಚು. ತಾಯಿ ತಿಂದರೂ ಅದರ ಒಂದು ರೂಪ ಹಾಲಿಗೆ ಇಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ. ಆ ಹಾಲನ್ನು ಕರುವೂ ಕುಡಿಯುತ್ತದೆ, ನಮ್ಮ ಮಕ್ಕಳೂ ಕುಡಿಯುತ್ತಾರೆ. ನಮ್ಮ ದೇಶದಲ್ಲಿ ಒಂದು ಕೆಜಿ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದು ಎಂಬ ನಿಯಮವಿದೆ. ಬೂಷ್ಟನ್ನು ಒರೆಸಿ, ಬಿಸಿಲಿಗಿಟ್ಟು ಹಾಕುತ್ತೇನೆ ಎಂದರೂ ವಿಷ ಉಳಿದಿರುತ್ತದೆ. ಫೀಡಿನ ಮೂಟೆಯನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಿ, ಗೋಡೆಗೆ ತಾಗಿಸಬೇಡಿ.

ನೀವು ಮಾಡಬೇಕಾದದ್ದು

1. ಗಬ್ಬದ ಏಳನೇ ತಿಂಗಳು ಮುಗಿಯುತ್ತಿದ್ದಂತೆ ಹಸುವನ್ನು ಬತ್ತಿಸಿ. ಕರು ಹಾಕುವ ಮೊದಲು 60 ದಿನ ಬಿಡುವು ಸಿಗಲಿ.

2. ಬತ್ತಿದ ಹಸುವಿಗೆ ರಾಗಿ ಹುಲ್ಲಿನ ಜೊತೆ 15ರಿಂದ 20 ಕೆಜಿ ಹಸಿ ಮೇವು, ಒಂದೂವರೆಯಿಂದ ಎರಡು ಕೆಜಿ ಪಶು ಆಹಾರ, 50 ಗ್ರಾಂ ಖನಿಜ ಮಿಶ್ರಣ ಕೊಡಿ. ಹಸಿ ಮೇವು ಸಾಲದಿದ್ದರೆ ಕುದುರೆ ಮೆಂತೆ, ನುಗ್ಗೆ ಸೊಪ್ಪು, ಅಗಸೆ ಸೊಪ್ಪು ಸ್ವಲ್ಪವಾದರೂ ಇರಲಿ. ಹಾಗೆಂದು ಅತಿಯಾಗಿ ಕೊಬ್ಬಿಸಬೇಡಿ. ತೀರಾ ಕೊಬ್ಬಿದ ಹಸುವಿಗೆ ಕರು ಹಾಕಿದ ಮೇಲೆ ಲಿವರ್‌ಗೆ ಕೊಬ್ಬು ಹತ್ತುತ್ತದೆ.

3. ಕರು ಹುಟ್ಟಿದ ಎರಡು ಗಂಟೆಯೊಳಗೆ ಮೂರು ಲೀಟರ್ ಗಿಣ್ಣು. ಮಾಸಿಗೆ ಕಾಯಬೇಡಿ.

4. ಮೊದಲ ಆರು ವಾರ ದಿನಕ್ಕೆ ನಾಲ್ಕರಿಂದ ಐದು ಲೀಟರ್ ಹಾಲು, ಎರಡು ಮೂರು ಹೊತ್ತಾಗಿ. ಡೈರಿಗೆ ಹಾಕುವ ಹಾಲಿನಂತೆ ಇದನ್ನೂ ಅಳೆದೇ ಕೊಡಿ. ಆಮೇಲೆ ಕಾಳಿನ ಆಹಾರ ಹೆಚ್ಚಿದಂತೆ ಹಾಲು ಇಳಿಸಿ.

5. ಎರಡನೇ ವಾರದಲ್ಲಿ ಪಶುವೈದ್ಯರನ್ನು ಕೇಳಿ ಜಂತುಹುಳುವಿನ ಔಷಧಿ ಕುಡಿಸಿ.

6. 60ನೇ ದಿನ ಕರುವನ್ನು ತೂಗಿ. ತಕ್ಕಡಿ ಇಲ್ಲದಿದ್ದರೆ ಎದೆ ಸುತ್ತಳತೆಯ ಟೇಪಿನಿಂದ ತೂಕ ಅಂದಾಜು ಮಾಡಬಹುದು. ಹುಟ್ಟಿದ ತೂಕದ ಎರಡರಷ್ಟಾಗಿದ್ದರೆ ನೀವು ಗೆದ್ದಂತೆ.

ಕೊಟ್ಟಿಗೆಯಲ್ಲಿ ಕರುವಿಗೆ ಎಷ್ಟು ಬಿಡಬೇಕು ಎಂದು ತೀರ್ಮಾನಿಸುವವರು ಹೆಚ್ಚಾಗಿ ನೀವೇ, ಹಾಲು ಕರೆಯುವ ಕೈ ನಿಮ್ಮದೇ. ಮನೆಯಲ್ಲಿ ಯಾರಾದರೂ "ಕರುವಿಗೆ ಯಾಕಷ್ಟು ಹಾಲು" ಎಂದು ಕೇಳಿದರೆ ಮೇಲಿನ ಲೆಕ್ಕ ತೋರಿಸಿ. ಈ ತಿಂಗಳು ನಿಮ್ಮ ಮನೆಯಲ್ಲಿ ಹೆಣ್ಣು ಕರು ಹುಟ್ಟಿದ್ದರೆ, ಅದು ಹುಟ್ಟಿದ ದಿನವನ್ನೂ ತೂಕವನ್ನೂ ಹಾಲಿನ ಪಾಸ್‌ಬುಕ್‌ನ ಹಿಂದೆ ಬರೆದಿಡಿ. ಅರವತ್ತನೇ ದಿನ ಮತ್ತೆ ತೂಗಿದಾಗ ಪಕ್ಕದಲ್ಲಿ ಬರೆಯಲು ಜಾಗ ಬಿಟ್ಟಿರಿ.